ಪಾವಟಿಗೆಯ ಮೇಲಿನ ಬುಟ್ಟಿ

ಯಾರ ಮನೆಗೇ ಹೋಗಲಿ, ನಾನು ಮೊದಲು ನೋಡುವುದು ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು. ತೋರಣ, ರಂಗೋಲಿ, ಮನೆಯವರ ಮುಖ ಎಲ್ಲ ಆಮೇಲೆ. ಈ ಚಟದಿಂದ ನನ್ನ ಮರ್ಯಾದೆ ಎಷ್ಟೋ ಸಲ ಹೋಗಿದೆ. ಒಮ್ಮೆ ರಾಯಬಾಗದಲ್ಲಿ ಒಂದು ಮದುವೆಗೆ ಹೋಗಿದ್ದೆ. ಮಂಗಲ ಕಾರ್ಯಾಲಯದ ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ ಬಿದ್ದಿತ್ತು. ನಾನು ರೇಷ್ಮೆ ಸೀರೆಯ ಸೆರಗು ಎತ್ತಿ ಸಿಕ್ಕಿಸಿಕೊಂಡು, ಬಗ್ಗಿ, ಒಂದೊಂದೇ ಜೋಡಿ ನೋಡುತ್ತ ನಿಂತುಬಿಟ್ಟೆ. ಹಿಂದಿನಿಂದ ರುಮಾಲು ಸುತ್ತಿದ ಹಿರಿಯರೊಬ್ಬರು ಕೆಮ್ಮಿದರು.

"ಯಾಕ್ರೀ ಬಾಯಾರ, ಯಾವ ಸೈಜ ಬೇಕಾಗಿತ್ತು?"

"ಇಲ್ರೀ, ನನ್ನೂ ಹುಡಕಾಕತ್ತೇನ್ರಿ" ಅಂದೆ.

ಅವರು ನಿಧಾನವಾಗಿ ನನ್ನ ಕಾಲು ನೋಡಿದರು. ನನ್ನ ಚಪ್ಪಲಿ ನನ್ನ ಕಾಲಲ್ಲೇ ಇದ್ದವು. ಜೀವನವಿಡೀ ಶಾಲೆಯ ಮಕ್ಕಳಿಗೆ ಕದಿಯಬಾರದು ಅಂತ ಪಾಠ ಹೇಳಿದ ಬಾಯಿ ಇದು. ಆವತ್ತು ಊಟದ ಪಂಕ್ತಿಯಲ್ಲಿ ಆ ಹಿರಿಯರು ಎದುರಿಗೇ ಕೂತಿದ್ದರು, ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡೇ ಹೋಳಿಗೆ ತಿಂದೆ.

ನಗಬೇಡಿ. ಇದಕ್ಕೆಲ್ಲ ಕಾರಣ ಶಿವರಾಯ ಪೇಂಟರ್. ಅವರ ಹೆಸರು ನೀವು ಕೇಳಿರಲಿಕ್ಕಿಲ್ಲ, ಅವರೂ ಎಲ್ಲೂ ಹೆಸರು ಬರೆಯುತ್ತಿರಲಿಲ್ಲ. ಆದರೆ ಎಂಬತ್ತರ ದಶಕದಲ್ಲಿ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಕಡೆ ಬಾಲ್ಯ ಕಳೆದವರನ್ನು ಯಾರನ್ನಾದರೂ ಹಿಡಿದು 'ಮಡುವಿನೂರು' ಅಂದು ನೋಡಿ. ಈಗ ಅವರಿಗೆ ಬೋಳುತಲೆ, ಸಕ್ಕರೆ ಕಾಯಿಲೆ ಎಲ್ಲ ಬಂದಿರುತ್ತದೆ. ಆದರೂ ದನಿ ತಗ್ಗಿಸಿ ಕೇಳುತ್ತಾರೆ, "ಅಲ್ರೀ, ಆ ಬುಟ್ಟ್ಯಾಗ ಏನಿತ್ರೀ?"

ಚಿಕ್ಕೋಡಿಯ ನಮ್ಮ ಮನೆಯ ಮುಂದಿನ ಖೋಲಿಯನ್ನು ಅಪ್ಪ ಬಾಡಿಗೆಗೆ ಕೊಡುತ್ತಿದ್ದರು. ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಅಲ್ಲಿಗೆ ಬಂದವರು ಶಿವರಾಯ ಪೇಂಟರ್. ಒಂದು ಟ್ರಂಕು, ಸುತ್ತಿದ ಚಾಪೆ, ಬ್ರಶ್ಶು ತುಂಬಿದ ಕೈಚೀಲ, ಇಷ್ಟೇ ಸಂಸಾರ. ಮಿರಜ ಕಡೆಯವರು ಅಂತ ಕೆಲವರು, ಸೊಲ್ಲಾಪುರದವರು ಅಂತ ಕೆಲವರು. ಅವರನ್ನೇ ಕೇಳಿದರೆ "ಹಿಂದಿನ ಊರು" ಅನ್ನುತ್ತಿದ್ದರು. ನಮಗೆಲ್ಲ ಅವರು ಪೇಂಟರ್ ಮಾಮಾ. ಅಂಗಡಿಯ ಬೋರ್ಡು, ಲಾರಿಯ ಹಿಂದಿನ ಆಕಳು-ಕರು, ನಿಪ್ಪಾಣಿಯ ಬೀಡಿ ಕಟ್ಟುಗಳ ಮೇಲಿನ ಲೇಬಲ್ಲು, ಯಾವುದು ಸಿಕ್ಕರೆ ಅದು ಬರೆಯುತ್ತಿದ್ದರು. ಬ್ರಶ್ಶಿನ ತುದಿ ಚೂಪಾಗಲಿ ಅಂತ ಬಾಯಲ್ಲಿಟ್ಟು ಎಳೆಯುವ ರೂಢಿ ಅವರದು. ಅದರಿಂದ ತುಟಿ ಯಾವಾಗಲೂ ಹಸಿರು. ಅವ್ವ ಅವರ ಚಹಾದ ಕಪ್ಪನ್ನು ಬೇರೆಯೇ ಇಟ್ಟಿದ್ದಳು. "ವಿಷಾ ಕುಡದ ಮನಿಶ್ಯಾನಂಗ ಕಾಣ್ತಾನ ಮಾರಾಯಾ, ಹೊತ್ತ ಮುಳಗಿದ ಮ್ಯಾಲ ಇವನ ಮಾರಿ ನೋಡಬಾರದು" ಅನ್ನುತ್ತಿದ್ದಳು.

ಹಸಿರು ಯಾಕೆ ಅಂದರೆ ಅದಕ್ಕೂ ಒಂದು ಕಥೆ. ನಿಪ್ಪಾಣಿಯಲ್ಲಿ ಬೀಡಿ ಲೇಬಲ್ಲು ಛಾಪಿಸುವ ಪ್ರೆಸ್ಸೊಂದರ ಮಾಲೀಕರಿಗೆ, ಅವರನ್ನು ಎಲ್ಲರೂ ಶೇಟಜಿ ಅನ್ನುತ್ತಿದ್ದರು, ಮಕ್ಕಳಿಗಾಗಿ ಒಂದು ಮಾಸಿಕ ತೆಗೆಯುವ ಹುಚ್ಚು ಹತ್ತಿತು. ಲೇಬಲ್ಲಿಗೆ ತರಿಸಿದ ಹಸಿರು ಶಾಯಿ ಡಬ್ಬಿಗಟ್ಟಲೆ ಉಳಿದಿತ್ತು. "ಕರೇದು ಮತ್ತ ಹಸರು, ಎರಡ ಬಣ್ಣದಾಗ ಏನರೆ ಬರಿ" ಅಂತ ಪೇಂಟರ್ ಮಾಮಾನಿಗೆ ಹೇಳಿದರು. ಮಾಮಾ ಒಂದು ವಾರ ಸುಮ್ಮನೆ ಕೂತರು. ಆಮೇಲೆ "ಹಸರ ಬಣ್ಣ ಅಂದ್ರ ನೀರಿನ ತಳಾನ ಸೈ" ಅಂದರು. ಹಾಗೆ ಹುಟ್ಟಿದ್ದು ಮಡುವಿನೂರು ಎಂಬ ಚಿತ್ರಕಥೆ, ತಿಂಗಳಿಗೊಂದು ಕಂತು.

ಕಥೆ ದೊಡ್ಡದೇನಲ್ಲ. ಕೃಷ್ಣಾ ಹೊಳೆಯಲ್ಲಿ ಒಂದು ಆಳವಾದ ಮಡು. ದಂಡೆಯ ಪಾವಟಿಗೆಗಳು, ಅಂದರೆ ಕಲ್ಲಿನ ಮೆಟ್ಟಿಲುಗಳು, ನೀರಲ್ಲಿ ಮುಳುಗಿ ಇನ್ನೂ ಕೆಳಗೆ ಇಳಿಯುತ್ತಲೇ ಹೋಗುತ್ತವೆ. ಕೆಳಗೊಂದು ಊರು. ಕಳೆದ ಕರುವನ್ನು ಹುಡುಕುತ್ತ ಕಲ್ಲವ್ವ ಎಂಬ ಹುಡುಗಿ ಅಲ್ಲಿಗೆ ಇಳಿಯುತ್ತಾಳೆ. ತಿಂಗಳಿಗೊಂದು ಓಣಿ ಸುತ್ತುತ್ತಾಳೆ. ಅಲ್ಲಿ ದೀಪದ ಕುಡಿ ಕೆಳಮುಖವಾಗಿ ಉರಿಯುತ್ತದೆ. ಹೆಂಗಸರ ಕೂದಲು ಮೇಲಕ್ಕೆ ತೇಲುತ್ತಿರುತ್ತದೆ. ಬೇವಿನ ಮರದಲ್ಲಿ ಹಕ್ಕಿಗಳ ಬದಲು ಮೀನುಗಳು ಕೂತಿರುತ್ತವೆ. ಯಾರೂ ಕೆಟ್ಟವರಲ್ಲ. ಕಟ್ಟೆಯ ಮೇಲೆ ಕೂತು ನಮ್ಮ ನಿಮ್ಮಂತೆಯೇ ಬೀಡಿ ಸೇದುತ್ತಾರೆ, ರೊಟ್ಟಿ ಬಡಿಯುತ್ತಾರೆ. ಆದರೆ ಕಲ್ಲವ್ವ ಹಾದು ಹೋಗುವಾಗ ಕೈಕೆಲಸ ನಿಲ್ಲಿಸಿ ಅವಳನ್ನೇ ನೋಡುತ್ತಾರೆ. ಅದನ್ನು ನೋಡಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು.

ಅವರ ಮಾತಿನ ಗುಳ್ಳೆಗಳಲ್ಲಿ ಒಂದು ಅಕ್ಷರವೂ ಇರುತ್ತಿರಲಿಲ್ಲ. ಬಾಯಿಂದ ಹೊರಟ ಗುಳ್ಳೆ ಖಾಲಿಯಾಗಿ ಮೇಲಕ್ಕೆ ತೇಲುತ್ತಿತ್ತು. ಶೇಟಜಿ ಜಗಳಕ್ಕೆ ಬಂದರೆ ಮಾಮಾ "ನೀರಾಗ ಮಾತ ಕೇಳಸ್ತೈತೇನ್ರಿ?" ಅಂದು ಬಾಯಿ ಮುಚ್ಚಿಸಿದರು. ನಾವು ಹುಡುಗಿಯರು ಪೆನ್ಸಿಲ್ಲಿಂದ ಆ ಗುಳ್ಳೆ ತುಂಬುತ್ತಿದ್ದೆವು. ನಾನು "ಚಾ ಕುಡೀತಿಯೇನ?" ಎಂದು ಬರೆದದ್ದನ್ನು ಮಾಮಾ ನೋಡಿ ನಗಲಿಲ್ಲ. "ಹಂಗ ಕರೀಬ್ಯಾಡ ಬಾಳಾ, ಬಂದ್ರ ಏನ ಮಾಡ್ತಿ?" ಅಂದರು. ನಾನು ಆವತ್ತೇ ರಬ್ಬರಿನಿಂದ ಉಜ್ಜಿದೆ. ಉಜ್ಜಿದ ಮೇಲೂ ಅಕ್ಷರದ ಗುರುತು ಉಳಿದಿತ್ತು, ಅದಕ್ಕೇ ಆ ಸಂಚಿಕೆಯನ್ನು ಗೆಳತಿಗೆ ಕೊಟ್ಟುಬಿಟ್ಟೆ. ಅವಳ ಮನೆಗೆ ಯಾರಾದರೂ ಬಂದರೋ ಏನೋ, ನಾನಂತೂ ಕೇಳಲಿಲ್ಲ.

ಮಡುವಿನೂರಿಗೆ ಒಂದೇ ಒಂದು ಕಟ್ಟಳೆ. ಇಳಿಯುವವರು ಚಪ್ಪಲಿಯನ್ನು ಪಾವಟಿಗೆಯ ಮೇಲೆ ಬಿಟ್ಟು ಹೋಗಬೇಕು, ಗುಡಿಗೆ ಹೋಗುವಾಗ ಬಿಟ್ಟಂತೆ. ಪ್ರತಿ ಸಂಚಿಕೆಯ ಮೊದಲ ಚಿತ್ರ ಅದೇ: ಪಾವಟಿಗೆ, ನೀರು, ಸಾಲಾಗಿ ಚಪ್ಪಲಿ. ಟೈರಿನವು, ರಬ್ಬರಿನವು, ಕಟ್ಟಿಗೆಯ ಪಾದುಕೆ, ಮಕ್ಕಳ ಬೂಟು. ಮೊದಮೊದಲು ಅದನ್ನು ಯಾರೂ ಲಕ್ಷ್ಯ ಕೊಟ್ಟು ನೋಡುತ್ತಿರಲಿಲ್ಲ.

ನಮ್ಮ ಓಣಿಯಲ್ಲಿ ಒಬ್ಬರು ಟಪಾಲು ಹಂಚುವ ತಮ್ಮಣ್ಣ ಇದ್ದರು. ಅವರದು ಟೈರಿನ ಚಪ್ಪಲಿ, ಒಂದರ ಹಿಮ್ಮಡ ಬ್ರೇಕಿಲ್ಲದ ಸೈಕಲ್ ನಿಲ್ಲಿಸಲು ನೆಲಕ್ಕೆ ಉಜ್ಜಿ ಸವೆದು ಅರ್ಧಚಂದ್ರದಂತೆ ಆಗಿತ್ತು. ಒಂದು ತಿಂಗಳ ಚಿತ್ರದಲ್ಲಿ ಆ ಜೋಡಿ ಬಂತು. ಸಂಚಿಕೆ ಮಾರಾಟಕ್ಕೆ ಬರುವ ಹೊತ್ತಿಗೆ ತಮ್ಮಣ್ಣ ತೀರಿಕೊಂಡು ಮೂರನೆಯ ದಿನದ ಕಾರ್ಯವೂ ಆಗಿತ್ತು. ಇದರಲ್ಲೇನಿದೆ, ನೋಡಿ ಬರೆದಿದ್ದಾರೆ ಅನ್ನಬಹುದು. ಆದರೆ ಚಿತ್ರ ನಿಪ್ಪಾಣಿಗೆ ಹೋಗಿದ್ದು ಹಿಂದಿನ ತಿಂಗಳು, ಅದನ್ನು ಒಯ್ದು ಟಪಾಲಿಗೆ ಹಾಕಿದವರು ಸ್ವತಃ ತಮ್ಮಣ್ಣ. ಓಣಿಯ ಮಂದಿ ಬಂದು ಕೇಳಿದರು. ಮಾಮಾ ಬ್ರಶ್ಶು ಬಾಯಿಂದ ತೆಗೆದು "ಪಾವಟಗಿ ಮ್ಯಾಲ ಬಂದ್ವು, ಬರದೆ" ಅಂದರು. ಅಷ್ಟೇ.

ಬೇರೆ ಊರಾಗಿದ್ದರೆ ಇಂಥವನಿಂದ ಖೋಲಿ ಬಿಡಿಸುತ್ತಿದ್ದರು. ನಮ್ಮ ಮಂದಿ ವಿಚಿತ್ರ. ತಮ್ಮಣ್ಣನ ಹೆಂಡತಿ ಆ ಪುಟವನ್ನು ಹರಿದು ದೇವರ ಜಗುಲಿಯ ಮೇಲೆ ಇಟ್ಟಳು, "ಚೊಲೋ ಊರಿಗೆ ಹೋಗ್ಯಾರ, ಅಲ್ಲಿ ಸೈಕಲ್ ತುಳ್ಯೂದಿಲ್ಲ" ಅಂತ ಕಣ್ಣೊರೆಸಿಕೊಂಡಳು. ಫೋಟೋ ಅನ್ನುವುದು ಆಗ ಮದುವೆಗೊಮ್ಮೆ ತೆಗೆಸುವ ವಸ್ತು, ಬಹಳ ಮನೆಗಳಲ್ಲಿ ಸತ್ತವರ ನೆನಪಿಗೆ ಒಂದು ಚಿತ್ರವೂ ಇರುತ್ತಿರಲಿಲ್ಲ. ಹಾಗಾಗಿ ಹೊಸ ಪದ್ಧತಿಯೇ ಶುರುವಾಯಿತು. ಯಾರಾದರೂ ತೀರಿಕೊಂಡರೆ ಅವರ ಚಪ್ಪಲಿಯನ್ನು ಹೊಳೆಗೆ ಬಿಡುವ ಮೊದಲು ನಮ್ಮ ಕಟ್ಟೆಗೆ ತಂದಿಡುವುದು. "ನಮ್ಮ ಮಾವನ್ನೂ ಒಂದ ಮೂಲ್ಯಾಗ ಹಾಕ್ರಿ ಪೇಂಟರ್ರ." ಕಾಗವಾಡದಿಂದ ಬಂದರು, ಉಗಾರದಿಂದ ಬಂದರು. ಒಬ್ಬ ತಾಯಿ ಮಗುವಿನ ಕಾಲ್ಗೆಜ್ಜೆ ತಂದಿದ್ದಳು, ಮಗು ಇನ್ನೂ ಚಪ್ಪಲಿ ಹಾಕುವಷ್ಟು ದೊಡ್ಡದಾಗಿರಲಿಲ್ಲ. ಮಾಮಾ ಅದನ್ನೂ ಬರೆದರು.

ಅವ್ವನಿಗೆ ತಲೆ ಕೆಟ್ಟುಹೋಯಿತು. "ನಮ್ಮ ಮನಿ ಮುಂದ ಏನ ಚಪ್ಪಲಿ ಅಂಗಡಿ ಹಚ್ಚೀರೇನ್ರಿ? ಬೀಗರು ಬಂದ್ರ ಒಳಗ ಜಾತ್ರಿ ನಡದೈತಿ ಅಂತ ತಿಳಕೋತಾರ!" ಒಮ್ಮೆ ಅಪ್ಪ ಕತ್ತಲಲ್ಲಿ ಯಾರದೋ ಚಪ್ಪಲಿ ಮೆಟ್ಟಿಕೊಂಡು ಸಂತೆಗೆ ಹೋಗಿಬಿಟ್ಟರು, ತಿರುಗಿ ಬಂದಾಗ ಅವ್ವ ಅವರನ್ನು ಹಿತ್ತಲಲ್ಲೇ ನಿಲ್ಲಿಸಿ ತಲೆಯ ಮೇಲೆ ನೀರು ಸುರಿದಳು. ಆದರೆ ಒಂದು ಸಂಗತಿ ಅವ್ವ ಯಾರ ಮುಂದೆಯೂ ಹೇಳುತ್ತಿರಲಿಲ್ಲ, ನನಗೂ ಗೊತ್ತಿತ್ತು. ಸಂಜೆ ಮಾಮಾ ಆ ಚಪ್ಪಲಿಗಳ ತುದಿಯನ್ನು ಬೀದಿಯ ಕಡೆ ಮಾಡಿ ಇಡುತ್ತಿದ್ದರು. ಬೆಳಿಗ್ಗೆ ಕಸ ಹೊಡೆಯಲು ಹೋದರೆ ಅವು ಮನೆಯ ಕಡೆ ತಿರುಗಿರುತ್ತಿದ್ದವು. ನಾಯಿ ಎಳೆದಿರಬೇಕು ಅಂತ ನಾನು ಹೇಳಿಕೊಳ್ಳುತ್ತಿದ್ದೆ. ಎಳೆಯುವ ನಾಯಿ ಇಷ್ಟು ಒಪ್ಪವಾಗಿ ಜೋಡಿಸಿ ಇಡುತ್ತದೆಯೇ ಅಂತ ಮಾತ್ರ ಕೇಳಿಕೊಳ್ಳುತ್ತಿರಲಿಲ್ಲ.

ಈಗ ನನ್ನ ಕಾಕುವಿನ ವಿಷಯಕ್ಕೆ ಬರಬೇಕು. ಬರಬಾರದು ಅಂತಲೇ ಇಷ್ಟೊತ್ತು ಊರೆಲ್ಲ ಸುತ್ತಿದೆ.

ಶಾಂತಾ ಕಾಕು ನನ್ನ ಅಪ್ಪನ ತಮ್ಮ ಬಸುಕಾಕಾನ ಹೆಂಡತಿ. ಬಸುಕಾಕಾ ಉಗಾರದ ಕಡೆ ಕಬ್ಬಿನ ಲಾರಿ ಓಡಿಸುತ್ತಿದ್ದ. ಸುಗ್ಗಿ ಮುಗಿದ ಮೇಲೆ ಒಮ್ಮೆ ಬೆಲ್ಲ ತುಂಬಿಕೊಂಡು ಕೊಂಕಣದ ಕಡೆ ಹೋದ. ಲಾರಿ ಘಟ್ಟದ ದಾರಿಯಲ್ಲಿ ಸಿಕ್ಕಿತು. ಬಾಗಿಲು ತೆರೆದಿತ್ತು, ಕೀಲಿ ಇತ್ತು, ಕಾಕು ಕಟ್ಟಿಕೊಟ್ಟ ಬುತ್ತಿಯ ಡಬ್ಬಿಯೂ ಇತ್ತು. ಕಾಕಾ ಇರಲಿಲ್ಲ. ಪೇಂಟರ್ ಮಾಮಾ ನಮ್ಮ ಮನೆಗೆ ಬರುವುದಕ್ಕಿಂತ ಎಷ್ಟೋ ಮೊದಲಿನ ಮಾತು ಇದು, ಮಾಮಾ ನನ್ನ ಕಾಕಾನನ್ನು ಕಂಡವರೇ ಅಲ್ಲ.

ಅಂದಿನಿಂದ ಕಾಕು ನಮ್ಮ ಮನೆಯಲ್ಲೇ ಇದ್ದಳು. ಹಣೆಯಲ್ಲಿ ಕಾಸಿನಗಲ ಕುಂಕುಮ, ಎರಡೂ ಕೈ ತುಂಬ ಹಸಿರು ಬಳೆ. ಆದರೆ ಓಣಿಯಲ್ಲಿ ಯಾರದಾದರೂ ಉಡಿ ತುಂಬುವ ಕಾರ್ಯಕ್ರಮಕ್ಕೆ ಹೋದರೆ, ಕುಂಕುಮದ ಬಟ್ಟಲು ಹಿಡಿದು ಬಂದವಳ ಕೈ ಕಾಕುವಿನ ಮುಂದೆ ಬಂದಾಗ ಒಂದು ಗಳಿಗೆ ತಡೆಯುತ್ತಿತ್ತು. ಹಚ್ಚಬೇಕೋ ಬೇಡವೋ? ಕಾಕು ತಾನೇ ಮುಂದೆ ಬಗ್ಗಿ ಹಣೆ ಕೊಡುತ್ತಿದ್ದಳು. ಅದನ್ನು ನೋಡುವಾಗ ನನಗೆ ಆ ಹೆಂಗಸರ ಮೇಲೆ ಎಷ್ಟು ಸಿಟ್ಟು ಬರುತ್ತಿತ್ತು ಅಂದರೆ ಬಟ್ಟಲು ಕಸಿದು ಬೀದಿಗೆ ಒಗೆಯಬೇಕು ಅನಿಸುತ್ತಿತ್ತು.

ಅಥಣಿಯಿಂದ ದೊಡ್ಡಪ್ಪ ಬಂದಾಗಲೆಲ್ಲ ಒಂದೇ ಮಾತು. "ಎಷ್ಟ ವರ್ಷ ಹಿಂಗ? ದರ್ಭೀದೊಂದು ಗೊಂಬಿ ಮಾಡಿ ಸುಟ್ಟು ಕಾರ್ಯ ಮುಗಸೂನು. ಹೋದಾವ್ಗೂ ಶಾಂತಿ, ಇದ್ದಾಕಿಗೂ ಶಾಂತಿ."

ಕಾಕು ಅಡುಗೆಮನೆಯಿಂದಲೇ ಉತ್ತರ ಕೊಡುತ್ತಿದ್ದಳು. "ಅವರ ಹೆಣಾ ತೋರಸ್ರಿ, ಇಲ್ಲಾ ಅವರ ಕಾಲಾಗಿನ ಚಪ್ಪಲಿ ತೋರಸ್ರಿ. ಆಮ್ಯಾಲ ನನ್ನ ಬಳಿಗೆ ಕೈ ಹಚ್ಚರಿ."

ಚಪ್ಪಲಿಯ ಮಾತು ಅವಳು ಸುಮ್ಮನೆ ಹೇಳಿದ್ದಲ್ಲ. ಕಾಕಾನ ಚಪ್ಪಲಿ ಸಾವಿರದಲ್ಲಿ ಗುರುತು ಹಿಡಿಯುವಂಥವು. ಅಥಣಿಯಲ್ಲಿ ಅಳತೆ ಕೊಟ್ಟು ಹೊಲಿಸಿದ್ದು, ಮೇಲೊಂದು ಕೆಂಪು ಗೊಂಡೆ. ಎಡಗಾಲಿನ ಹೆಬ್ಬೆರಳ ಉಂಗುರ ಹರಿದಾಗ ಹಳದಿ ತೊಗಲಿನಿಂದ ಹೊಲಿಸಿದ್ದ. ಅಟ್ಟೆಯ ನಡುವೆ ಬೀಜ ಇಟ್ಟು ಹೊಲಿದದ್ದರಿಂದ ನಡೆದರೆ ಕರ್ ಕರ್ ಅನ್ನುತ್ತಿದ್ದವು. ಆ ಸದ್ದು ಓಣಿಯ ತಿರುವಿನಲ್ಲಿ ಕೇಳಿದ ಕೂಡಲೇ ಕಾಕು ಒಲೆಯ ಮೇಲೆ ಹೆಂಚು ಇಡುತ್ತಿದ್ದಳಂತೆ.

ಮಡುವಿನೂರಿನ ಚಪ್ಪಲಿಗಳ ಸುದ್ದಿ ಹರಡಿದ ಮೇಲೆ ಮನೆಗೆ ಬಂದ ಸಂಚಿಕೆಯನ್ನು ಕಾಕುವಿಗಿಂತ ಮೊದಲು ಯಾರೂ ಮುಟ್ಟುವಂತಿರಲಿಲ್ಲ. ಅವಳಿಗೆ ಓದಲು ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮೊದಲ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಪಾವಟಿಗೆಯ ಮೇಲೆ ಬೆರಳಾಡಿಸುತ್ತಿದ್ದಳು. ಬೆರಳು ನೀರಿನ ಗೆರೆ ಮುಟ್ಟಿದ ಮೇಲೆ ಉಸಿರು ಬಿಟ್ಟು "ತಗೋ ಸುಮೀ, ಓದು" ಅಂತ ನನ್ನ ಕಡೆ ಒಗೆಯುತ್ತಿದ್ದಳು. ಆ ತಿಂಗಳು ಕಾಕಾ ಬದುಕಿದ್ದಾನೆ. ಅಥಣಿಯ ದೊಡ್ಡಪ್ಪನೂ ಅಲ್ಲಿ ಒಂದು ಪ್ರತಿ ಕೊಂಡು ನೋಡುತ್ತಿದ್ದರು ಅಂತ ಆಮೇಲೆ ತಿಳಿಯಿತು. ಚಿತ್ರದಲ್ಲಿ ಆ ಜೋಡಿ ಬಂದರೆ ಕಾಕುವಿನ ಬಳೆ ಉಳಿಯುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಾನು ಶಿಕ್ಷಕಿಯ ತರಬೇತಿ ಮುಗಿಸಿ ಮನೆಯಲ್ಲಿದ್ದ ವರ್ಷ. ಮಾಮಾ ಯಡೂರಿಗೆ ಒಂದು ಅಂಗಡಿಯ ಬೋರ್ಡು ಬರೆಯಲು ಹೋಗಿದ್ದರು. ಮರುದಿನ ಬರುತ್ತೇನೆ ಅಂದವರು ಅಂದೇ ಮಧ್ಯಾಹ್ನ ಬಂದು, ಯಾರ ಕೂಡವೂ ಮಾತಾಡದೆ ಖೋಲಿ ಸೇರಿದರು. ಅವ್ವ ಆ ಬೇರೆ ಕಪ್ಪಿನಲ್ಲಿ ಚಹಾ ಕೊಟ್ಟು ನನ್ನನ್ನು ಕಳಿಸಿದಳು. ಮಾಮಾ ಹಲಗೆಯ ಮೇಲೆ ಬಗ್ಗಿ ಮೊದಲ ಚಿತ್ರ ಬರೆಯುತ್ತಿದ್ದರು. ನಾನು ಕಪ್ಪು ಇಡುತ್ತ ನೋಡಿದೆ. ನೀರಿನ ಗೆರೆಗೆ ತಾಗಿದ ಕೊನೆಯ ಪಾವಟಿಗೆಯ ಮೇಲೆ ಒಂದು ಜೋಡಿ. ಗೊಂಡೆ ಇತ್ತು. ಎಡದ ಉಂಗುರಕ್ಕೆ ಬೇರೆ ತೊಗಲಿನ ಹೊಲಿಗೆ ಇತ್ತು, ಒಂದೊಂದು ಟಾಕೆಯನ್ನೂ ಬರೆದಿದ್ದರು.

ಕಪ್ಪು ನನ್ನ ಕೈಯಲ್ಲೇ ಉಳಿಯಿತು. "ಮಾಮಾ, ಇವನ್ನ ಎಲ್ಲಿ ನೋಡಿದ್ರಿ?"

"ಯಡೂರಾಗ, ಹೊಳೀ ಪಾವಟಗಿ ಮ್ಯಾಲ. ತುದಿ ನೀರಿನ ಕಡೆ ಇತ್ತು. ಎತ್ತಬೇಕಂತ ಕೈ ಹಚ್ಚಿದೆ, ಒದ್ದಿ ಇದ್ವು, ಬೆಚ್ಚಗ ಇದ್ವು. ಈಗರೆ ಕಳದ ಕಾಲಿನಾವು. ಬಿಟ್ಟ ಬಂದೆ." ಆಮೇಲೆ ತಲೆಯೆತ್ತಿ ನನ್ನ ಮುಖ ನೋಡಿದರು. ಯಾರವು ಅಂತ ಅಲ್ಲೇ ಓದಿಕೊಂಡಿರಬೇಕು.

ಆ ಹೊತ್ತಿಗೆ ಸರಿಯಾಗಿ ಹೊರಗೆ ಬಳೆಗಾರ ಬಂದಿದ್ದ. ಕಾಕು ಕಟ್ಟೆಯ ಮೇಲೆ ಕೂತು ಕೈ ಚಾಚಿದ್ದಳು. "ಸಣ್ಣನ್ನ ಹಾಕ್ಬ್ಯಾಡಪಾ, ನಮ್ಮವರು ಬಂದಾಗ ಕೈ ಬಾತೈತಿ ಅಂತ ನಗ್ತಾರ" ಅಂತ ಅವಳು ನಗುವುದು ಒಳಗೆ ಕೇಳಿಸಿತು. ಮಾಮಾ ಕಿಟಕಿಯಿಂದ ಅವಳ ಕೈಯನ್ನೇ ನೋಡುತ್ತ ಕೂತರು. ಬಳೆ ಒಂದೊಂದಾಗಿ ಏರುತ್ತಿದ್ದವು. ಆಮೇಲೆ ಅವರು ಬ್ರಶ್ಶನ್ನು ಕರಿ ಶಾಯಿಯಲ್ಲಿ ಅದ್ದಿ, ಆ ಜೋಡಿಯ ಮೇಲೆ ಒಂದು ಬೋರಲು ಬುಟ್ಟಿ ಬರೆಯಲು ಶುರುಮಾಡಿದರು. ಕೋಳಿಮರಿಗಳ ಮೇಲೆ ಮುಚ್ಚುತ್ತೇವಲ್ಲ, ಅಂಥದು. ಬಿದಿರಿನ ಒಂದೊಂದು ಎಳೆಯನ್ನೂ ಹೆಣೆದರು. ಗೊಂಡೆ ಮುಚ್ಚಿತು, ಟಾಕೆ ಮುಚ್ಚಿತು.

"ಬಂದದ್ದನ್ನ ಬರೀದೆ ಇರಾಕ ನನಗ ಬರೂದಿಲ್ಲ ಸುಮೀ" ಅಂದರು. "ಮುಚ್ಚಾಕ ಬರ್ತೈತಿ."

ನಾನು ಮರುದಿನವೇ ವೀರಭದ್ರನಿಗೆ ಕಾಯಿ ಒಡೆಸುವ ನೆಪ ಹೇಳಿ ಯಡೂರಿಗೆ ಹೋದೆ. ಹೊಳೆಯ ಪಾವಟಿಗೆಗಳ ಮೇಲೆ ಬಟ್ಟೆ ಒಗೆಯುವವರ ಸೋಪಿನ ನೊರೆ ಇತ್ತು, ಒಂದು ಎಮ್ಮೆ ಇತ್ತು. ಚಪ್ಪಲಿ ಇರಲಿಲ್ಲ.

ಆ ತಿಂಗಳ ಸಂಚಿಕೆ ಬಂದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಕಾಕುವಿನ ಬೆರಳು ಇಳಿಯುವುದನ್ನೇ ನೋಡುತ್ತಿದ್ದೆ. ಬೆರಳು ಬುಟ್ಟಿಯ ಮೇಲೆ ನಿಂತಿತು. ಬಹಳ ಹೊತ್ತು ಅಲ್ಲೇ ಇತ್ತು.

"ಪೇಂಟರಣ್ಣಾ, ಈ ಬುಟ್ಟಿ ಯಾರದು?" ಅಂತ ಕೂಗಿ ಕೇಳಿದಳು.

"ಯಾವನೋ ಮೀನ ಹಿಡಿಯಾಂವ ಬಿಟ್ಟ ಹೋಗ್ಯಾನ ತಂಗಿ" ಅಂತ ಮುಂದಿನ ಖೋಲಿಯಿಂದ ಉತ್ತರ ಬಂತು.

"ಚೊಲೋ ಹೆಣದೀರಿ" ಅಂದಳು ಕಾಕು. "ತಗೋ ಸುಮೀ, ಓದು."

ಅದೇ ವಾರದಿಂದ ಮಧ್ಯಾಹ್ನಗಳಲ್ಲಿ ಮುಂದಿನ ಖೋಲಿಯಿಂದ ಸದ್ದು ಶುರುವಾಯಿತು. ಮಾಮಾ ನಿಪ್ಪಾಣಿಗೆ ಹೋಗಿ ಖೋಲಿಗೆ ಬೀಗ ಹಾಕಿರುವಾಗ, ಊರೆಲ್ಲ ಉಂಡು ಮಲಗಿರುವಾಗ, ಒಳಗೆ ಕರ್ ಕರ್. ಗೋಡೆಯಿಂದ ಗೋಡೆಗೆ ಯಾರೋ ನಡೆದಂತೆ, ತಿರುಗಿದಂತೆ. ಅವ್ವ ಇಲಿ ಅಂದಳು, ಅಪ್ಪ ತೊಲೆ ಒಣಗುತ್ತಿದೆ ಅಂದರು. ತೊಲೆ ನಮ್ಮ ಅಜ್ಜನ ಕಾಲದ್ದು, ಒಣಗುವುದಿದ್ದರೆ ಅಜ್ಜನ ಕಾಲದಲ್ಲೇ ಒಣಗಬೇಕಿತ್ತು. ನಾನು ತಲೆಗೆ ಚಾದರ ಹೊದ್ದು ಮಗ್ಗಿ ಹೇಳಿಕೊಳ್ಳುತ್ತಿದ್ದೆ. ಮಕ್ಕಳಿಗೆ ಕಲಿಸಬೇಕಾದ ಬಾಯಿ ಹದಿಮೂರರ ಮಗ್ಗಿಯಲ್ಲಿ ತಪ್ಪಿ ತಪ್ಪಿ ಬೀಳುತ್ತಿತ್ತು. ಕಾಕು ಮಾತ್ರ ಏನೂ ಅನ್ನುತ್ತಿರಲಿಲ್ಲ. ಜೋಳ ಹಸನು ಮಾಡುತ್ತಿದ್ದವಳು ಮೊರ ನಿಲ್ಲಿಸಿ, ಸದ್ದು ನಿಲ್ಲುವವರೆಗೂ ಕೂತು, ಮತ್ತೆ ಮೊರ ಆಡಿಸುತ್ತಿದ್ದಳು.

ಅಲ್ಲಿಂದ ಮುಂದೆ ಬುಟ್ಟಿ ಚಿತ್ರದಿಂದ ಹೋಗಲೇ ಇಲ್ಲ. ಪ್ರತಿ ತಿಂಗಳೂ ಅದೇ ಪಾವಟಿಗೆ, ಅದೇ ಬುಟ್ಟಿ. ಮೆಲ್ಲಗೆ ಓದುಗರ ಕಣ್ಣು ಕಲ್ಲವ್ವನನ್ನೂ ಅವಳ ಕರುವನ್ನೂ ಬಿಟ್ಟು ಅದರ ಮೇಲೆ ಬಿತ್ತು. ಶೇಟಜಿ ಚತುರರು, 'ಬುಟ್ಟಿಯಲ್ಲೇನಿದೆ?' ಅಂತ ಸ್ಪರ್ಧೆ ಹಾಕಿದರು. ಕಾರ್ಡುಗಳು ಚೀಲಗಟ್ಟಲೆ ಬಂದವು. ಬಂಗಾರದ ಕೊಡ, ರಾಕ್ಷಸನ ತಲೆ, ಬಾತುಕೋಳಿ. ಕಾಗವಾಡದ ಒಬ್ಬ ಹುಡುಗ "ನಮ್ಮ ಹೆಡ್‌ಮಾಸ್ತರರು, ದಯಮಾಡಿ ಎತ್ತಬೇಡಿರಿ" ಅಂತ ಬರೆದಿದ್ದ. ಮಾಮಾ ಅವನ್ನು ಕಟ್ಟೆಯ ಮೇಲೆ ಓದಿ ಹೇಳುವಾಗ ಕಾಕು ಹೊಟ್ಟೆ ಹಿಡಿದು ನಗುತ್ತಿದ್ದಳು.

"ನೀ ಏನ ಬರದಿ ಸುಮೀ?" ಅಂದಳು ಒಮ್ಮೆ.

ನಾನು ಕಾರ್ಡುಗಳ ಕಡೆ ನೋಡುತ್ತ ಹೇಳಿದೆ. "ಏಡಿ ಅಂತ ಬರದೆ ಕಾಕು."

"ಏಡಿ ಆಗಿದ್ರ ಬುಟ್ಟಿ ಹೊತಗೊಂಡ ತಾನ ಹೊಂಟ ಹೋಗ್ತಿತ್ತ ಬಿಡು" ಅಂದಳು. ಮಾಮಾ ಕಾರ್ಡುಗಳನ್ನು ಒಟ್ಟು ಮಾಡಿ ಒಳಗೆ ಹೋದರು.

ಅಥಣಿಯ ದೊಡ್ಡಪ್ಪನಿಗೂ ಬುಟ್ಟಿಯ ಮೇಲೆ ಅನುಮಾನ ಬಂದಿತ್ತು. "ಅದನ್ನ ಎತ್ತಸ್ರಿ, ಎಲ್ಲಾ ತಿಳೀತೈತಿ" ಅಂತ ಅಪ್ಪನಿಗೆ ಗಂಟುಬಿದ್ದರು. ಕೊನೆಗೆ ಶೇಟಜಿಯೇ ಸ್ಕೂಟರ್ ಹೊಡೆದುಕೊಂಡು ಚಿಕ್ಕೋಡಿಗೆ ಬಂದರು.

"ಅರೇ ಶಿವರಾಯ, ಬುಟ್ಟಿ ಎತ್ತೋ ಮಾರಾಯಾ. ಮಂದಿ ನೋಡಾಕ ಸಾಯಾಕತ್ತಾರ."

"ಸಾಯೂ ಮಂದೀದೇನೈತ್ರಿ ಶೇಟಜಿ" ಅಂದರು ಮಾಮಾ. "ಹ್ವಾದಮ್ಯಾಲ ನೋಡ್ತಾರ."

"ಚ್ಯಾಷ್ಟಿ ಮಾಡಬ್ಯಾಡ. ಬರೂ ತಿಂಗಳ ಎತ್ತದಿದ್ರ ಬ್ಯಾರೇದವರ ಕಡಿಂದ ಬರಸ್ತೇನಿ. ನಿನ್ನ ಕೆಲಸಾ ಮುಗೀತಂತ ತಿಳಕೋ."

ಮಡುವಿನೂರು ಬಿಟ್ಟರೆ ಆ ಮನುಷ್ಯನಿಗೆ ಈ ಲೋಕದಲ್ಲಿ ಏನಿತ್ತು? ಹೆಂಡತಿಯೇ, ಮಕ್ಕಳೇ? ನನಗೆ ತಡೆಯಲಾಗದೆ ಕಣ್ಣು ತುಂಬಿದವು. ಮಾಮಾ ಹಲಗೆಯಿಂದ ಅರ್ಧ ಬರೆದ ಪುಟ ಬಿಚ್ಚಿ ಶೇಟಜಿಯ ಕೈಗೆ ಕೊಟ್ಟರು. "ಬರಸ್ರಿ. ಅವರ ಬುಟ್ಟ್ಯಾಗ ಅವರದ ಏನರೆ ಇರ್ತೈತಿ" ಅಂದರು. ಕಾಕು ಇಬ್ಬರಿಗೂ ಚಹಾ ತಂದಳು. ಆವತ್ತು ಮೊದಲ ಸಲ ಮಾಮಾನಿಗೆ ಮನೆಯವರ ಕಪ್ಪಿನಲ್ಲೇ ಕೊಟ್ಟಳು, ಅವ್ವ ನೋಡಿಯೂ ತಡೆಯಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಯಾರೋ ಹೊಸಬರು ಬರೆದ ಬುಟ್ಟಿ ಎದ್ದಿತು. ಒಳಗೆ ಕಿರೀಟ ಹಾಕಿಕೊಂಡ ಕಪ್ಪೆ! ಮಕ್ಕಳು ಬೈದು ಬರೆದರು, ದೊಡ್ಡವರು ಇನ್ನೂ ಹೆಚ್ಚು ಬೈದರು. ವರ್ಷ ತುಂಬುವುದರೊಳಗೆ ಮಾಸಿಕ ನಿಂತಿತು. ದೊಡ್ಡಪ್ಪ ಕಪ್ಪೆ ನೋಡಿ ನಿರಾಸೆಯಾಗಿ ಕಾರ್ಯದ ಮಾತು ಬಿಟ್ಟರು. ಮಾಮಾ ಲಾರಿ, ಟ್ರ್ಯಾಲಿಗಳ ಕೆಲಸಕ್ಕೆ ಮರಳಿದರು. ಆಕಳು-ಕರುವಿನ ಬದಲು ಈಗ ಪಾವಟಿಗೆ ಮತ್ತು ಬುಟ್ಟಿ ಬರೆಯುತ್ತಿದ್ದರು. ಉಗಾರದ ಕಡೆ ಕಬ್ಬಿನ ಟ್ರ್ಯಾಲಿಗಳ ಹಿಂದೆ ಇವತ್ತಿಗೂ ಆ ಬುಟ್ಟಿ ಕಾಣುತ್ತದೆ. ಬರೆಯುವ ಹುಡುಗರನ್ನು ಕೇಳಿದರೆ "ದೃಷ್ಟಿ ಆಗಬಾರದಂತ ಬರೀತಾರ್ರಿ, ಮೊದಲಿಂದ ಐತಿ" ಅನ್ನುತ್ತಾರೆ. ಮುಂದೆ ಹೋಗುವ ಟ್ರ್ಯಾಲಿಯ ಹಿಂದೆ ಅದು ಕಂಡರೆ ನಾನು ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸುತ್ತೇನೆ.

ತೊಂಬತ್ತರ ದಶಕ ಅರ್ಧ ದಾಟಿರಬೇಕು. ನಾನು ಕಾಗವಾಡದ ಶಾಲೆಯಲ್ಲಿದ್ದೆ. ಸುದ್ದಿ ತಿಳಿದು ಊರಿಗೆ ಬಂದಾಗ ಮಾಮಾ ಅದೇ ಚಾಪೆಯ ಮೇಲೆ ಮಲಗಿದ್ದರು. ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ತುಟಿ ಹಸಿರಾಗೇ ಇದ್ದವು. ಅವ್ವ ಒದ್ದೆ ಬಟ್ಟೆಯಿಂದ ಒರೆಸಿದಳು, ಹೋಗಲಿಲ್ಲ. "ಇರ್ಲಿ ಬಿಡು, ಅದ ಅವನ ಬಣ್ಣ" ಅಂತ ಅತ್ತಳು. ಹಿಂದಿನ ಊರಿನಿಂದ ಯಾರೂ ಬರಲಿಲ್ಲ. ಅಪ್ಪನೇ ಮುಂದೆ ನಿಂತು ಎಲ್ಲ ಮಾಡಿದರು. ಕಟ್ಟೆಯ ಮೇಲೆ ಅವರ ಹವಾಯಿ ಚಪ್ಪಲಿ ಉಳಿದಿದ್ದವು, ಬಣ್ಣದ ಹನಿ ಬಿದ್ದು ಬಿದ್ದು ಅಸಲು ಬಣ್ಣ ಯಾವುದೆಂದೇ ತಿಳಿಯುತ್ತಿರಲಿಲ್ಲ.

ಸಂಜೆ ಕಾಕು ಅವನ್ನು ನೋಡುತ್ತ ಕೂತಿದ್ದಳು. "ಊರ ಮಂದೀದೆಲ್ಲಾ ಅಂವಾ ಬರದ. ಅವನ್ನ ಯಾರ ಬರೀಬೇಕ?" ಅಂದಳು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಎಚ್ಚರವಾಗಿ ಹೊರಗೆ ಬಂದೆ. ಕಾಕು ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದಳು. ನಮ್ಮನೆಯ ಚುಕ್ಕಿ ರಂಗೋಲಿ ಅಲ್ಲ. ಉದ್ದುದ್ದ ಗೆರೆ, ಒಂದರ ಕೆಳಗೊಂದು. ಪಾವಟಿಗೆ. ಮೇಲಿನದರ ಮೇಲೆ ಹವಾಯಿ ಚಪ್ಪಲಿ, ಅದರ ಮೇಲೆ ಅರಿಸಿಣ, ಇದ್ದಿಲ ಪುಡಿ ಚಿಟಿಕೆ ಚಿಟಿಕೆ ಉದುರಿಸಿ ಬಣ್ಣದ ಹನಿ ಮಾಡಿದ್ದಳು. ಜೀವಮಾನದಲ್ಲಿ ಪೆನ್ಸಿಲ್ ಹಿಡಿಯದ ಕೈ ಅದು. ಕೊನೆಯ ಪಾವಟಿಗೆಯ ಮೇಲೆ ಬೋರಲು ಬುಟ್ಟಿ ಬರೆದಳು. ಬರೆದು ಸ್ವಲ್ಪ ಹೊತ್ತು ಕುಕ್ಕರುಗಾಲಲ್ಲಿ ಕೂತಳು.

ಆಮೇಲೆ ಅಂಗೈಯಿಂದ ಬುಟ್ಟಿಯನ್ನು ಒರೆಸಿಬಿಟ್ಟಳು.

ಒರೆಸಿದ ಜಾಗದಲ್ಲಿ ಇನ್ನೊಂದು ಜೋಡಿ ಬರೆದಳು. ಎಡದ ಉಂಗುರಕ್ಕೆ ಅರಿಸಿಣದ ಗೆರೆ ಎಳೆದು, ಕುಂಕುಮದ ಭರಣಿಯಿಂದ ಒಂದು ಚಿಟಿಕೆ ತೆಗೆದು ಗೊಂಡೆಗಳಿಗೆ ಇಟ್ಟಳು.

ಹೊಸ್ತಿಲ ಮೇಲೇ ಕೂತೆ. "ಕಾಕು... ನಿನಗ ಯಾವಾಗಿಂದ ಗೊತ್ತು?"

"ಬುಟ್ಟಿ ಬಂದ ದಿನಾನ." ಅವಳು ತಿರುಗಿ ನೋಡಲಿಲ್ಲ. "ಹದ್ದು ಬಂದಾಗ ಮರಿ ಮ್ಯಾಲ ಬುಟ್ಟಿ ಬೋರಲ ಹಾಕಾಂವ ಮೀನಗಾರ ಅಲ್ಲವಾ. ಅಷ್ಟೂ ತಿಳ್ಯೂದಿಲ್ಲೇನ ನನಗ?"

"ಮತ್ತ ಇಷ್ಟ ವರ್ಷ ಯಾಕ ಸುಮ್ಮನಿದ್ದಿ?"

"ಅಂವಾ ಹೊಟ್ಟೀಗೆ ಹಾಕೋಳ್ಳೂ ಕೆಲಸಾನೂ ಬಿಟ್ಟ, ಬುಟ್ಟಿ ಎತ್ತಲಿಲ್ಲ. ನಾ ಎತ್ತಿದ್ರ ಅವಗ ಹ್ಯಾಂಗ ಅನಸ್ತಿತ್ತ ಸುಮೀ?" ಕುಂಕುಮದ ಭರಣಿಗೆ ಮುಚ್ಚಳ ಹಾಕಿದಳು. "ಅವಗ ನಾ ಸುಖವಾಗಿ ಅದೇನಿ ಅನ್ನೂ ಸಮಾಧಾನ ಇರ್ಲಿ ಅಂತ ನಾನೂ ಮುಚ್ಚಿದೆ."

ಎದ್ದು ಕಸಬರಿಗೆ ತಂದು ಎಲ್ಲವನ್ನೂ ಗುಡಿಸಿದಳು. ಪಾವಟಿಗೆ, ಹವಾಯಿ, ಗೊಂಡೆ, ಎಲ್ಲ. ನೀರು ಚಿಮುಕಿಸಿ ದಿನದ ಚುಕ್ಕಿ ರಂಗೋಲಿ ಹಾಕಿದಳು. ಉಂಗುರ ಬೆರಳಲ್ಲಿ ಕುಂಕುಮ ಇನ್ನೂ ಅಂಟಿತ್ತು. ಬೆರಳನ್ನೊಮ್ಮೆ ನೋಡಿ, ಅದನ್ನೇ ಹಣೆಗೆ ಹಚ್ಚಿಕೊಂಡಳು. ಯಾರ ಬಟ್ಟಲೂ ಅಡ್ಡ ಬರಲಿಲ್ಲ.

"ನೀ ಏನೂ ನೋಡಿಲ್ಲ. ಹೋಗು, ಚಾಕ್ಕಿಡು" ಅಂದಳು.

ನಾನು ಏಳುವಷ್ಟರಲ್ಲಿ ಬೀಗ ಹಾಕಿದ ಮುಂದಿನ ಖೋಲಿಯೊಳಗಿಂದ ಕರ್ ಕರ್ ಅಂತು. ಸದ್ದು ಬಾಗಿಲ ತನಕ ಬಂತು. ಕಟ್ಟೆಗೆ ಬಂತು. ಜೊತೆಗೆ ಹವಾಯಿ ಚಪ್ಪಲಿ ಹಿಮ್ಮಡಕ್ಕೆ ಬಡಿಯುವ ಫಟ್ ಫಟ್ ಸದ್ದೂ ಇತ್ತು. ನನ್ನ ಕತ್ತು ತಾನಾಗಿ ತಿರುಗತೊಡಗಿತು. ಕಾಕು ಬಳೆ ತುಂಬಿದ ಕೈಯಿಂದ ನನ್ನ ಗದ್ದ ಗಟ್ಟಿಯಾಗಿ ಹಿಡಿದಳು.

"ತಿರಗಿ ನೋಡಬ್ಯಾಡ" ಅಂದಳು. "ಹೋಗ್ಲಿ ಬಿಡು, ಇಬ್ರೂ. ಪೇಂಟರಣ್ಣಗ ದಾರಿ ಗೊತ್ತೈತಿ."

ಎರಡು ಸದ್ದೂ ನಮ್ಮ ಪಕ್ಕದಲ್ಲೇ ಮೆಟ್ಟಿಲಿಳಿದು, ಓಣಿಯ ತಿರುವಿನವರೆಗೆ ಕೇಳಿ, ನಿಂತವು. ಕಾಕು ಗದ್ದ ಬಿಟ್ಟಳು. ನಾವು ಒಳಗೆ ಹೋದೆವು. ಒಂದು ಕಾಲಕ್ಕೆ ಆ ಕರ್ ಕರ್ ಕೇಳಿ ಏರಿಸುತ್ತಿದ್ದ ಹೆಂಚನ್ನು ಅವಳು ಒಲೆಯ ಮೇಲಿನಿಂದ ಇಳಿಸಿ, ಬೂದಿ ಹಚ್ಚಿ ತಿಕ್ಕಿ, ಗೋಡೆಗೆ ಆನಿಸಿಟ್ಟಳು.